ಹನ್ನೊಂದು ವಾರಗಳ ನೆಮ್ಮದಿ

ಓಲಗದ ದಾಸಪ್ಪನವರ ಕಣ್ಣಿನಲ್ಲಿ ಆಷಾಢಮಾಸ ಕಾಣಿಸಿದ ದಿನ ನಮ್ಮ ಪ್ರಯೋಗಾಲಯದಲ್ಲಿ ಮೈಸೂರುಪಾಕು ಹಂಚಿದೆವು.

ಅಲ್ಲಿಯವರೆಗೆ ನಮ್ಮ ಯಂತ್ರ ಮಾಡುತ್ತಿದ್ದುದು ಓದೋ ಬರೀ ಊಹೆಯೋ ನನಗೇ ಖಾತ್ರಿಯಿರಲಿಲ್ಲ. ಕಣ್ಣಿನ ಮುಂದೆ ಗಾಜಿನಂತಿರುವ ಕಾರ್ನಿಯಾದ ಒಳಮೈಗೆ ಜೀವಕೋಶಗಳ ಒಂದೇ ಒಂದು ಪದರವಿದೆ. ಜೇನುಗೂಡಿನಂತೆ ಆರು ಮೂಲೆಯ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಕಾರ್ನಿಯಾದೊಳಕ್ಕೆ ಜಿನುಗುವ ನೀರನ್ನು ಹಗಲಿರುಳು ಎತ್ತಿ ಹೊರಗೆ ಹಾಕುವುದು ಅವುಗಳ ಕೆಲಸ. ಅದು ನಿಂತರೆ ಗಾಜು ಊದಿ ಮಂಜಾಗುತ್ತದೆ. ಹುಟ್ಟುವಾಗ ತಂದದ್ದಷ್ಟೇ ಬಂಡವಾಳ. ಈ ಕೋಶಗಳು ದೊಡ್ಡವರ ಕಣ್ಣಿನಲ್ಲಿ ಮರಿ ಹಾಕುವುದಿಲ್ಲ. ಒಂದು ಸತ್ತರೆ ಅಕ್ಕಪಕ್ಕದವು ಮೈ ಹಿಗ್ಗಿಸಿ ಆ ಜಾಗ ತುಂಬುತ್ತವೆ. ಗ್ಲಾಕೋಮಾ ಎಂದರೆ ಕಣ್ಣಿನ ಹಿಂದಿನ ನರ ಸಾಯುವ ಕಾಯಿಲೆ ಎಂದು ಜನ ತಿಳಿದಿದ್ದಾರೆ. ನಿಜವೇ. ಆದರೆ ಕಣ್ಣಿನೊಳಗಿನ ಒತ್ತಡ ಏರಿದಾಗ ಹಿಂದಿನ ನರದಂತೆ ಮುಂದಿನ ಈ ಪದರವೂ ಸವೆಯುತ್ತದೆ. ಅದರ ಬಗ್ಗೆ ಮಾತಾಡುವವರು ಕಡಿಮೆ.

ನಾನು ವೈದ್ಯನಲ್ಲ, ಭೌತಶಾಸ್ತ್ರದವನು. ಸಾಬೂನಿನ ನೊರೆಯಲ್ಲಿ ಗುಳ್ಳೆಗಳು ಒಡೆದಾಗ ಉಳಿದವು ಹೇಗೆ ಜಾಗ ಹಂಚಿಕೊಳ್ಳುತ್ತವೆ ಎಂಬುದರ ಮೇಲೆ ಹತ್ತು ವರ್ಷ ಕಳೆದವನು. ಈ ಕೋಶಗಳ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಬಂದ ಪ್ರಶ್ನೆ ಒಂದೇ: ಹಿಗ್ಗಿದ ಕೋಶ ಯಾವಾಗ ಹಿಗ್ಗಿತು ಎಂದು ಹೇಳಲು ಬಂದರೆ? ಹೊಸದಾಗಿ ಹಿಗ್ಗಿದ ಕೋಶದ ಮೂಲೆಗಳು ಚೂಪಾಗಿರುತ್ತವೆ. ವರ್ಷಗಳು ಕಳೆದಂತೆ ಅವು ನಿಧಾನವಾಗಿ, ಲೆಕ್ಕಕ್ಕೆ ಸಿಗುವ ವೇಗದಲ್ಲಿ ಸಡಿಲವಾಗುತ್ತವೆ. ಒಂದೊಂದು ಮೂಲೆಯ ಕೋನವನ್ನೂ ಅಳೆದು ಹಿಂದಕ್ಕೆ ನಡೆದರೆ, ಯಾವ ವಾರ ಎಷ್ಟು ಕೋಶಗಳು ಸತ್ತವು ಎಂಬ ಗೆರೆ ಸಿಗುತ್ತದೆ. ಒತ್ತಡ ಹೆಚ್ಚಿದ ವಾರ ಗೆರೆ ಮೇಲೆ, ಇಳಿದ ವಾರ ಕೆಳಗೆ. ಹದಿನೆಂಟು ವರ್ಷದವರೆಗೆ ಹಿಂದೆ ಹೋಗಬಹುದು. ತಪ್ಪಿದರೆ ನಾಲ್ಕೈದು ದಿನ ಆಚೀಚೆ.

ದಾಸಪ್ಪನವರ ಗೆರೆ ಪ್ರತಿ ವರ್ಷವೂ ನಾಲ್ಕು ವಾರ ನೆಲಕ್ಕಿಳಿದು ಮಲಗುತ್ತಿತ್ತು. ಅವರನ್ನೇ ಕೇಳಿದೆವು.

"ಆಸಾಡ್ದಲ್ಲಿ ಯಾರು ಸ್ವಾಮಿ ಮದ್ವೆ ಮಾಡ್ತಾರೆ? ಓಲಗ ಗೂಟಕ್ಕೆ ನೇತಾಕಿರ್ತೀವಿ" ಎಂದರು.

ಉಸಿರು ಬಿಗಿಹಿಡಿದು ಊದುವಾಗ ಕಣ್ಣಿನ ಒತ್ತಡ ಏರುತ್ತದೆ, ಊದದ ತಿಂಗಳು ಇಳಿಯುತ್ತದೆ. ನಾನೇ ಅದನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದೆ. ನಮ್ಮ ಕಣ್ಣಿನ ವೈದ್ಯೆ ತಬಸ್ಸುಮ್ ಅಂದಿನಿಂದ ಯಂತ್ರಕ್ಕೆ ಪಂಚಾಂಗ ಎಂದು ಹೆಸರಿಟ್ಟಳು. ಹೆಸರು ಹಬ್ಬಿತು. ನಂಜನಗೂಡಿನಿಂದ ಬಂದ ಒಬ್ಬ ಹೆಂಗಸು, "ನಮ್ಮತ್ತೆ ಯಾವ್ಯಾವ ವರ್ಷ ಏನೇನು ಮಾಡಿದ್ರು ಅನ್ನೋದೂ ಬರುತ್ತಾ ಇದ್ರಲ್ಲಿ?" ಎಂದು ಕೇಳಿದ್ದಳು. ಬರುವುದಿಲ್ಲ ಎಂದು ನಕ್ಕಿದ್ದೆ.

*

ನನ್ನ ಹೆಂಡತಿ ಕುಮುದ ಹುಲ್ಲಿನ ಚಿತ್ರ ಬರೆಯುವವಳು. ಸಸ್ಯಶಾಸ್ತ್ರದ ಸಂಪುಟಗಳಲ್ಲಿ ಒಂದೊಂದು ಹುಲ್ಲಿಗೂ ಒಂದು ಪುಟದ ಚಿತ್ರ ಇರುತ್ತದಲ್ಲ, ತೆನೆಯ ಮೇಲಿನ ರೋಮವನ್ನೂ ಎಣಿಸಬಹುದಾದಂಥದ್ದು, ಅದು ಅವಳ ಕೆಲಸ. ಹೋದ ಚಳಿಗಾಲದಲ್ಲಿ ಬೆಳಗಿನ ಹೊತ್ತು ಕಾಗದದ ಮೇಲೆ ಮಂಜು ಕೂತ ಹಾಗಾಗುತ್ತದೆ ಎಂದಳು. ಗ್ಲಾಕೋಮಾ ಎಂದು ಗೊತ್ತಾಯಿತು. ಐವತ್ತನಾಲ್ಕರ ವಯಸ್ಸಿಗೆ ಒಂದು ಚದರ ಮಿಲಿಮೀಟರಿನಲ್ಲಿ ಎರಡೂವರೆ ಸಾವಿರ ಕೋಶಗಳಿರಬೇಕು. ಅವಳ ಬಲಗಣ್ಣಿನಲ್ಲಿ ಸಾವಿರದ ನೂರ ನಲವತ್ತಿತ್ತು, ಎಡಗಣ್ಣಿನಲ್ಲಿ ಸ್ವಲ್ಪ ಹೆಚ್ಚು. ಐನೂರರ ಹತ್ತಿರ ಬಂದರೆ ಮಂಜು ಇಳಿಯುವುದೇ ಇಲ್ಲ.

ತಬಸ್ಸುಮ್‌ಗೆ ಒಂದು ವಿಷಯ ಬಗೆಹರಿಯಲಿಲ್ಲ. "ಸರ್, ಇಲ್ಲಿ ಅಳೆದಾಗ ಮೇಡಂ ಒತ್ತಡ ಇಪ್ಪತ್ತು, ಇಪ್ಪತ್ತೊಂದು. ಇಷ್ಟಕ್ಕೆ ಇಷ್ಟು ಕೋಶ ಹೋಗಲ್ಲ. ಯಾವಾಗಲೋ ಏರ್ತಿದೆ, ನಮಗೆ ಸಿಗ್ತಿಲ್ಲ. ಒಳಗೆ ಕೊಳವೆ ಕೂರಿಸಿ ನೀರು ಇಳಿಸಬಹುದು, ಆದರೆ ಆ ಕೊಳವೆನೇ ಇನ್ನಷ್ಟು ಕೋಶ ತಿನ್ನುತ್ತೆ. ಪಂಚಾಂಗ ಓದಿಬಿಡಿ. ಯಾವಾಗ ಏರ್ತಿದೆ ಅಂತ ಗೊತ್ತಾಗಲಿ, ಆಮೇಲೆ ತೀರ್ಮಾನ ಮಾಡೋಣ."

ನಿಯಮದ ಪ್ರಕಾರ ನನ್ನ ಹೆಂಡತಿಯ ಕಣ್ಣನ್ನು ಬೇರೆಯವರು ಓದಬೇಕಿತ್ತು. ಓದಬಲ್ಲವನು ನಾನೊಬ್ಬನೇ ಇದ್ದೆ.

ನಲವತ್ತು ನಿಮಿಷ ಗದ್ದವನ್ನು ಪಟ್ಟಿಯ ಮೇಲಿಟ್ಟು ಕುಮುದ ಅಲುಗಾಡದೆ ಕೂತಳು. ಮಾರನೆಯ ದಿನ ಮಧ್ಯಾಹ್ನ ಗೆರೆ ಮುದ್ರಣವಾಗಿ ಬಂತು. ಹದಿನೆಂಟು ವರ್ಷ ಅದು ಎತ್ತರದಲ್ಲೇ ಸಾಗಿತ್ತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಬೇಸಿಗೆಯಿಲ್ಲ. ಒಂದೇ ಒಂದು ಕಡೆ, ಹದಿನಾಲ್ಕು ವರ್ಷದ ಹಿಂದೆ, ಬಾವಿಗೆ ಬಿದ್ದ ಹಾಗೆ ಕೆಳಗಿಳಿದು, ಹನ್ನೊಂದು ವಾರ ತಳದಲ್ಲಿ ಸಮತಟ್ಟಾಗಿ ನಡೆದು, ಮತ್ತೆ ಮೇಲೆ ಬಂದಿತ್ತು.

ತಾರೀಖು ನೋಡುವ ಮೊದಲೇ ನನಗೆ ಗೊತ್ತಾಯಿತು. ಕುಮಟಾ.

ಕರಾವಳಿಯ ಹುಲ್ಲುಗಳ ಸಮೀಕ್ಷೆಗೆಂದು ಅವಳು ಹೋಗಿದ್ದುದು ಹನ್ನೊಂದು ವಾರ. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ನನ್ನನ್ನು ಬಿಟ್ಟು ಅವಳು ಒಂದು ವಾರಕ್ಕಿಂತ ಹೆಚ್ಚು ಇದ್ದುದು ಅದೊಂದೇ ಸಲ. ಸಮೀಕ್ಷೆಯ ಮುಖ್ಯಸ್ಥ ಡಾಕ್ಟರ್ ಅನಂತ ಬಾಳಿಗಾ. ಪ್ರತಿ ಯುಗಾದಿಗೆ ಈಗಲೂ ಕಾರ್ಡು ಕಳಿಸುತ್ತಾರೆ, ಒಳಗೆ ಒಂದು ಒಣಗಿದ ಹುಲ್ಲು ಅಂಟಿಸಿ.

ನಾನು ಆ ಕಾಗದವನ್ನು ತಬಸ್ಸುಮ್‌ಗೆ ಕೊಡಲಿಲ್ಲ. "ಚಿತ್ರ ಸರಿ ಬಂದಿಲ್ಲ, ಇನ್ನೊಮ್ಮೆ ಲೆಕ್ಕ ಹಾಕಬೇಕು" ಎಂದೆ. ಅದು ಸುಳ್ಳು. ನನ್ನ ಜೊತೆಗಿದ್ದ ಅಷ್ಟೂ ವರ್ಷ ನನ್ನ ಹೆಂಡತಿಯ ಕಣ್ಣು ಒತ್ತಡದಲ್ಲಿತ್ತು, ಇನ್ನೊಬ್ಬನ ಸಮೀಕ್ಷೆಯಲ್ಲಿ ಮಾತ್ರ ನೆಮ್ಮದಿಯಾಗಿತ್ತು ಎಂಬುದನ್ನು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳೊಬ್ಬಳು ಬೆರಳಿಟ್ಟು ತೋರಿಸುವುದು ನನಗೆ ಬೇಡವಾಗಿತ್ತು.

*

ನಮ್ಮ ನಡುಮನೆಯ ಗೋಡೆಯ ಮೇಲೆ ಕುಮುದಳ ಒಂದು ಚಿತ್ರವಿದೆ. ಸಮುದ್ರದಂಡೆಯ ಮರಳಿನಲ್ಲಿ ಬೆಳೆಯುವ ಮುಳ್ಳುಮುಳ್ಳಿನ ಹುಲ್ಲು. ರಾವಣನ ಮೀಸೆ ಎಂದು ಅದರ ಹೆಸರಂತೆ. ಕುಮಟಾದಲ್ಲೇ ಬರೆದದ್ದು. ಹದಿನಾಲ್ಕು ವರ್ಷ ಅದರ ಕೆಳಗೆ ಕೂತು ಕಾಫಿ ಕುಡಿದಿದ್ದೇನೆ. ಆ ವಾರ ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ಒಂದೊಂದು ಮುಳ್ಳೂ ಆರಾಮವಾಗಿತ್ತು. ಅವಸರವಿಲ್ಲದ ಕೈ. ಇಲ್ಲಿ, ಈ ಮನೆಯಲ್ಲಿ, ಅವಳು ಅಷ್ಟು ನಿಧಾನವಾಗಿ ಬರೆದದ್ದು ನನಗೆ ನೆನಪಾಗಲಿಲ್ಲ.

ಸಮೀಕ್ಷೆಯ ಸಂಪುಟವನ್ನು ಕಪಾಟಿನಿಂದ ತೆಗೆದೆ. ಬಾಳಿಗಾ ಮುನ್ನುಡಿಯಲ್ಲಿ ಬರೆದಿದ್ದರು: 'ಕುಮುದಾ ಅವರ ಕಣ್ಣುಗಳಿಲ್ಲದಿದ್ದರೆ ಈ ಸಂಪುಟವಿಲ್ಲ.' ಕೈ ಎನ್ನಬಹುದಿತ್ತು. ಚಿತ್ರಗಳು ಎನ್ನಬಹುದಿತ್ತು.

ನಾನು ವಿಜ್ಞಾನದವನು, ಅಸೂಯೆಯನ್ನೂ ಪಟ್ಟಿ ಮಾಡಿಯೇ ಪಡುತ್ತೇನೆ. ಸಮುದ್ರದ ಗಾಳಿಯೇ? ದಾಸಪ್ಪನವರ ನಂತರ ಓದಿದ ಐವರು ಮೀನುಗಾರರ ಗೆರೆಗಳು ಎತ್ತರದಲ್ಲೇ ಇದ್ದವು. ಊಟವೇ? ಅಲ್ಲೂ ಅನ್ನ, ಇಲ್ಲೂ ಅನ್ನ. ಕಾಫಿ ಬಿಟ್ಟಿದ್ದಳೇ? ಇಲ್ಲ, ಅಲ್ಲಿನ ಕಾಫಿಯನ್ನು ಬೈದು ಬರೆದ ಕಾಗದ ನನ್ನ ಬಳಿ ಇತ್ತು. ಒಂದೊಂದನ್ನೇ ಹೊಡೆದುಹಾಕುತ್ತ ಹೋದೆ, ಪಟ್ಟಿಯ ಕೊನೆಗೆ ಒಬ್ಬ ಮನುಷ್ಯ ಮಾತ್ರ ಉಳಿಯಲಿ ಎಂದೇ ಹಟ ತೊಟ್ಟವನಂತೆ.

ಕೊನೆಗೆ ಆ ಮನುಷ್ಯನಿಗೇ ಫೋನ್ ಮಾಡಿದೆ. ಸಂಶೋಧನೆಗೆ ಬೇಕು, ಆ ದಿನಗಳಲ್ಲಿ ಕುಮುದಳ ದಿನಚರಿ ಹೇಗಿತ್ತು ಎಂದೆ.

"ದಿನಚರಿಯಾ?" ಬಾಳಿಗಾ ಜೋರಾಗಿ ನಕ್ಕರು. "ನಿಮ್ಮವರು ಬೆಳಿಗ್ಗೆ ಎಂಟಾದ್ರೂ ಏಳ್ತಿರಲಿಲ್ಲ ಮಾರಾಯ್ರೆ. ಜೀಪು ಹೊರಗೆ ಹಾರ್ನ್ ಹೊಡೀತಾ ನಿಲ್ಲೂದು, ಇವರು ಒಳಗೆ ನಿದ್ದೆ. ನಾವೆಲ್ಲ ಕುಂಭಕರ್ಣನ ತಂಗಿ ಅಂತ ಕರೀತಿದ್ದದ್ದು. ಎದ್ದ ಮೇಲೆ ಮಾತ್ರ ಅವರಷ್ಟು ಕೆಲಸ ಯಾರೂ ಮಾಡಿದ್ದಿಲ್ಲ ಬಿಡಿ."

ನಾನು ಫೋನ್ ಇಟ್ಟೆ. ನಮ್ಮ ಮನೆಯಲ್ಲಿ ಕುಮುದ ಐದೂವರೆಗೆ ಏಳುತ್ತಾಳೆ. ಮದುವೆಯಾದ ಮೊದಲ ವಾರ ನಾನು ಕಲಿಸಿದ್ದು: ಐದೂವರೆಗೆ ಏಳುವುದು, ಎರಡು ಚಾಪೆ ಹಾಸುವುದು, ನಲವತ್ತು ನಿಮಿಷ ಆಸನ. ಹದಿನೈದನೇ ವಯಸ್ಸಿನಿಂದ ಅಗ್ರಹಾರದ ಒಬ್ಬ ಹಳೆಯ ಮೇಷ್ಟರ ಬಳಿ ಕಲಿತವನು ನಾನು. ಪ್ರವಾಸ ಹೋದರೂ ತಪ್ಪಿಸಿದವನಲ್ಲ, ಅವಳಿಗೂ ತಪ್ಪಿಸಲು ಬಿಟ್ಟವನಲ್ಲ. ಅವಳು ಬೆಳಗಿನ ಜೀವ ಎಂದು ನೆಂಟರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಅವಳಿಗೆ ಎಂಟರವರೆಗೆ ಮಲಗುವುದು ಇಷ್ಟ ಎಂಬುದು ಇನ್ನೊಬ್ಬ ಗಂಡಸಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅವರ ಮಾತಿನಲ್ಲಿ ನನಗೆ ಕೇಳಿಸಿದ್ದು ಅಷ್ಟೇ.

*

ಕುಮುದಳ ಕಣ್ಣಿಗೆ ಸಂಜೆ ಏಳಕ್ಕೆ ಎರಡು ಬಗೆಯ ಹನಿ ಹಾಕಬೇಕು, ನಡುವೆ ಐದು ನಿಮಿಷ ಬಿಟ್ಟು. ಹಾಕುವವನು ನಾನು. ಮೊದಲ ಹನಿ ಬಿದ್ದ ಮೇಲೆ ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿಗೆ ಪ್ರಶ್ನೆ ಕೇಳುವುದು ಸುಲಭ.

"ಕುಮಟಾದಲ್ಲಿ ಚೆನ್ನಾಗಿತ್ತಾ ನಿನಗೆ?"

"ಅಂತೂ ಕೇಳಿದ್ರಲ್ಲ" ಎಂದಳು. "ನಾಲ್ಕು ದಿನದಿಂದ ಕಾಯ್ತಿದ್ದೀನಿ. ಬಾಳಿಗಾ ಅವರ ಹೆಂಡತಿ ಮೆಸೇಜ್ ಹಾಕಿದ್ರು. ನಿಮ್ಮ ಯಜಮಾನ್ರು ಫೋನ್ ಮಾಡಿ ನೀವೆಷ್ಟು ಗಂಟೆಗೆ ಏಳ್ತಿದ್ರಿ ಅಂತ ಕೇಳಿದ್ರಂತಲ್ಲ, ಎಲ್ಲ ಕ್ಷೇಮಾನಾ ಅಂತ."

"ಸಂಶೋಧನೆಗೆ ಬೇಕಿತ್ತು."

"ಯಾರ ಸಂಶೋಧನೆ ರೀ? ನನ್ನದಾ?"

ನಾನು ಎದ್ದುಹೋಗಿ ಚೀಲದಿಂದ ಕಾಗದ ತಂದು ಅವಳ ತೊಡೆಯ ಮೇಲಿಟ್ಟೆ. ಹನ್ನೊಂದು ವಾರದ ಮೇಲೆ ನಾನು ಪೆನ್ಸಿಲಿನಿಂದ ಎಷ್ಟು ಸಲ ಸುತ್ತು ಹಾಕಿದ್ದೆನೆಂದರೆ ಅಲ್ಲಿ ಕಾಗದ ಹೊಳೆಯುತ್ತಿತ್ತು. ಇದೇನೆಂದು ಹೇಳಿದೆ.

"ಇಡೀ ಹದಿನೆಂಟು ವರ್ಷದಲ್ಲಿ ನಿನ್ನ ಕಣ್ಣು ಹಗುರವಾಗಿ ಇದ್ದದ್ದು ಇಲ್ಲಿ ಮಾತ್ರ. ಅವರ ಜೊತೆ."

ಅವಳು ನಗುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಮೇಜಿನ ಮೇಲಿದ್ದ ಬೂದುಗಾಜು ಎತ್ತಿಕೊಂಡಳು. ಹುಲ್ಲಿನ ರೋಮ ಎಣಿಸುವ ಗಾಜು ಅದು. ಗೆರೆಯ ಉದ್ದಕ್ಕೂ, ನನ್ನ ಸುತ್ತನ್ನು ದಾಟಿಕೊಂಡು, ಬೇರೆಲ್ಲೋ ನೋಡುತ್ತ ಹೋದಳು.

"ಇದೇನು, ಸಣ್ಣಸಣ್ಣ ಹಲ್ಲು ಹಲ್ಲಾಗಿದೆಯಲ್ಲ ಎಲ್ಲ ಕಡೆ?"

"ಅದು ಯಂತ್ರದ ದೀಪದ ನಡುಕ. ಲೆಕ್ಕಕ್ಕೆ ತಗೊಳ್ಳಲ್ಲ."

"ದಾಸಪ್ಪನವರದ್ರಲ್ಲೂ ಇತ್ತಾ?"

ಇರಲಿಲ್ಲ. ಈಗ ಯೋಚಿಸಿದರೆ ಯಾರ ಗೆರೆಯಲ್ಲೂ ಇರಲಿಲ್ಲ.

"ಒಂದು ವರ್ಷಕ್ಕೆ ಹದಿಮೂರಿವೆ" ಎಂದಳು. "ಇನ್ನೊಂದು ವರ್ಷ ಎಣಿಸ್ತೀನಿ ಇರಿ. ಹದಿಮೂರು. ಆಮೇಲೆ ಇಲ್ಲಿ ನಿಂತೇಹೋಯ್ತು. ನಾಲ್ಕು ವರ್ಷದ ಹಿಂದೆ. ಇಲ್ಲಿಂದಾಚೆ ಹಲ್ಲೇ ಇಲ್ಲ, ಕತ್ತಿ ಇಟ್ಟ ಹಾಗೆ ನೆಟ್ಟಗಿದೆ." ಗಾಜು ಕೆಳಗಿಟ್ಟಳು. "ನಾಲ್ಕು ವರ್ಷದ ಹಿಂದೆ ನನಗೇನು ನಿಂತಿತು ರೀ?"

ನಾನು ಹಾಳೆಯತ್ತ ಬಾಗಿ ಹಲ್ಲುಗಳನ್ನು ಎಣಿಸತೊಡಗಿದೆ.

"ತಿಂಗಳಲ್ಲಿ ಆ ಮೂರು ದಿನ ಏನು ಮಾಡಬಾರದು ಅಂತ ನಿಮ್ಮ ಮೇಷ್ಟ್ರು ಹೇಳಿದ್ರು? ನೀವೇ ತಾನೆ ಮದುವೆಯಾದ ಹೊಸದರಲ್ಲಿ ನಾಚಿಕೊಂಡು ಹೇಳಿದ್ದು?"

ಶೀರ್ಷಾಸನ.

"ಕುಮಟಾದಲ್ಲಿ ಒಂದು ಕೋಣೇಲಿ ನಾವು ನಾಲ್ಕು ಹೆಂಗಸರಿದ್ವಿ" ಎಂದಳು ಕುಮುದ. "ಕಾಲು ಚಾಚೋಕೇ ಜಾಗ ಇರಲಿಲ್ಲ. ತಲೆ ಕೆಳಗೆ ಮಾಡಿ ನಿಲ್ಲಿಸೋರೂ ಯಾರೂ ಇರಲಿಲ್ಲ."

ಇಪ್ಪತ್ತೆಂಟು ವರ್ಷ, ದಿನಕ್ಕೆ ಹತ್ತು ನಿಮಿಷ. ಅವಳ ಕಾಲು ಅಲುಗದಂತೆ ಪಾದ ಹಿಡಿದು ನಿಂತು ಗಡಿಯಾರ ನೋಡುತ್ತಿದ್ದವನು ನಾನು. ಓಲಗ ಊದುವವನ ಕಣ್ಣಿನಲ್ಲಿ ಒತ್ತಡ ಯಾಕೆ ಏರುತ್ತದೆಂದು ಕರಿಹಲಗೆಯ ಮೇಲೆ ಬರೆದವನೂ ನಾನೇ. ಒಂಬತ್ತು ವರ್ಷ ಕೋಶಗಳನ್ನು ನೋಡಿದ್ದೆ, ಆ ಕಣ್ಣು ಯಾವ ಮುಖದಲ್ಲಿದೆ, ಆ ಮುಖ ಮೇಲಿದೆಯೋ ಕೆಳಗಿದೆಯೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಎರಡನೇ ಹನಿ ಹಾಕಿ" ಎಂದಳು. "ಐದು ನಿಮಿಷ ಆಯ್ತು."

*

ಮಾರನೆಯ ಬೆಳಿಗ್ಗೆ ಪ್ರಯೋಗಾಲಯದ ಗೋಡೆಗೆ ತಾಗಿಸಿ ನೆಲದ ಮೇಲೆ ಕಂಬಳಿ ಮಡಿಸಿ ಹಾಕಿದೆವು. ತಬಸ್ಸುಮ್ ಕೈಯಲ್ಲಿ ಹಿಡಿಯುವ ಒತ್ತಡಮಾಪಕ ತಂದಿದ್ದಳು. ಕೂತಾಗ ಅಳೆದದ್ದು ಇಪ್ಪತ್ತು. ಆಮೇಲೆ ಕುಮುದ ಸೀರೆಯ ಸೆರಗು ಬಿಗಿದು, ನೆರಿಗೆಯನ್ನು ಕಾಲುಗಳ ನಡುವೆ ಸಿಕ್ಕಿಸಿ, ಒಂದೇ ಎಳೆತಕ್ಕೆ ಮೇಲೆ ಹೋದಳು. ಅವಳ ಭಂಗಿಯಲ್ಲಿ ಒಂದೂ ತಪ್ಪಿರಲಿಲ್ಲ. ನನ್ನ ಶಿಷ್ಯೆ. ತಬಸ್ಸುಮ್ ನೆಲಕ್ಕೆ ಮೊಣಕೈಯೂರಿ ಮಲಗಿ ಅಳೆದಳು.

"ನಲವತ್ತನಾಲ್ಕು. ಇಳೀರಿ ಮೇಡಂ, ಸಾಕು, ಇಳೀರಿ." ಎದ್ದು ಕೂತು ನನ್ನನ್ನು ನೋಡಿದಳು. "ಸರ್, ನೀವೇ ತುಂಬಿಸಿದ ಫಾರಂ. ವ್ಯಾಯಾಮ ಅನ್ನೋ ಜಾಗದಲ್ಲಿ ಯೋಗ ಅಂತ ಬರೆದಿದ್ರಿ. ನಾನೂ ಒಳ್ಳೇದು ಅಂತ ಗುರುತು ಹಾಕಿ ಮುಂದೆ ಹೋದೆ. ಯಾವ ಯೋಗ ಅಂತ ಕೇಳಬೇಕಿತ್ತು. ನನ್ನದೂ ತಪ್ಪು."

ನನಗೂ ಅದೇ ಆಸನ ನಲವತ್ತು ವರ್ಷದ ಅಭ್ಯಾಸ. ಅದೇ ಮಧ್ಯಾಹ್ನ ತಬಸ್ಸುಮ್ ನನ್ನ ಕಣ್ಣಿನ ಕೋಶಗಳನ್ನೂ ಎಣಿಸಿದಳು: ಎರಡು ಸಾವಿರದ ನಾನೂರು. ಒಬ್ಬರ ಕಣ್ಣಿನೊಳಗಿನ ನೀರು ಹೊರಗೆ ಹೋಗುವ ದಾರಿ ಅಗಲ, ಇನ್ನೊಬ್ಬರದು ಕಿರಿದು, ಅಷ್ಟೇ ವ್ಯತ್ಯಾಸ. ನನ್ನ ಮೈಗೆ ಒಗ್ಗಿದ್ದು ಅವಳ ಮೈಗೂ ಒಳ್ಳೆಯದೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ತಿಳಿದುಕೊಂಡಿದ್ದೆ.

"ಕೊಳವೆ ಈಗ ಬೇಡ" ಎಂದಳು ತಬಸ್ಸುಮ್. "ಹನಿ ಮುಂದುವರಿಸಿ, ತಲೆ ಕೆಳಗೆ ಮಾಡೋದು ಇವತ್ತಿಗೆ ಮುಗೀತು. ಆರು ತಿಂಗಳು ನೋಡೋಣ. ಅಲ್ಲ ಸರ್, ಈ ಗೆರೆ ಯಾವಾಗ ಸಿಕ್ತು? ಲೆಕ್ಕ ತಪ್ಪಿದೆ ಅಂದಿದ್ರಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಕುಮುದ ಕಾಗದವನ್ನು ಬೆಳಕಿಗೆ ಹಿಡಿದಳು. ಯಂತ್ರ ಪ್ರತಿ ಹಾಳೆಯ ಬುಡದಲ್ಲೂ ಇರುವೆಗಾಲಿನಷ್ಟು ಸಣ್ಣ ಅಕ್ಷರದಲ್ಲಿ ತಾರೀಖು ಮುದ್ರಿಸುತ್ತದೆ. ಸಣ್ಣದ್ದನ್ನು ನೋಡುವುದು ಅವಳ ಕಸುಬು.

"ಮೂರು ವಾರದ ಹಿಂದೆ" ಎಂದಳು.

ತಬಸ್ಸುಮ್ ಮಾಪಕದ ತುದಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

ಆಟೋದಲ್ಲಿ ಮನೆಗೆ ಬರುವಾಗ ಕುಮುದ ಒಂದೇ ಪ್ರಶ್ನೆ ಕೇಳಿದಳು. "ಇಪ್ಪತ್ತೊಂದು ಬೆಳಿಗ್ಗೆ ನನ್ನ ಕಾಲು ಹಿಡಿದು ನಿಲ್ಲಿಸಿದ್ರಲ್ಲ, ಆವಾಗೆಲ್ಲ ಮನಸ್ಸಲ್ಲಿ ಬಾಳಿಗಾನಾ?"

"ಹೌದು" ಎಂದೆ.

"ಅವರಿಗೆ ಸೊಳ್ಳೆ ಕಚ್ಚಿದ್ರೆ ಕವಿತೆ ಓದೋ ಅಭ್ಯಾಸ ಇತ್ತು. ನಾವು ನಾಲ್ಕೂ ಜನ ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಿದ್ವಿ" ಎಂದಳು. ನಗಿಸಲು ಹೇಳಿದ್ದಲ್ಲ. ಮುಖ ಆಚೆ ತಿರುಗಿಸಿಕೊಂಡಿದ್ದಳು.

*

ಆರು ತಿಂಗಳ ನಂತರ ಪಂಚಾಂಗವನ್ನು ಇನ್ನೊಮ್ಮೆ ಓದಿದೆವು. ಈ ಸಲ ಅವಳು ನನ್ನ ಪಕ್ಕದಲ್ಲೇ ಕೂತು, ಹಾಳೆ ಹೊರಬರುತ್ತಿದ್ದಂತೆ ತಾನೇ ಎಳೆದುಕೊಂಡಳು. ಬಲಗಣ್ಣು ಸಾವಿರದ ನೂರ ಮೂವತ್ತೈದು. ಹೋದದ್ದು ಬರುವುದಿಲ್ಲ, ಹೋಗುವುದು ನಿಂತಿತ್ತು. ಶೀರ್ಷಾಸನ ಬಿಟ್ಟ ದಿನದಿಂದ ಗೆರೆ ಕೆಳಗಿಳಿದು ಸಮತಟ್ಟಾಗಿ ನಡೆದಿತ್ತು. ಇಳಿಜಾರಿಗೆ ಸ್ವಲ್ಪ ಮೊದಲು, ಕತ್ತಿಯಂಚಿನ ಕೊನೆಯ ತುಂಡು, ನಾನು ಹಾಳೆ ಬಚ್ಚಿಟ್ಟ ಇಪ್ಪತ್ತೊಂದು ದಿನದ್ದು. ಉಳಿದದ್ದನ್ನು ಅರಿವಿಲ್ಲದೆ ಮಾಡಿದೆ ಎನ್ನಬಹುದು. ಅದೊಂದು ತುಂಡಿಗೆ ಹಾಗೆನ್ನಲಾರೆ.

ಅವಳು ಬೂದುಗಾಜಿನಲ್ಲಿ ಹಳೆಯ ಹನ್ನೊಂದು ವಾರವನ್ನೂ ಹೊಸ ಆರು ತಿಂಗಳನ್ನೂ ಹೋಲಿಸಿ ನೋಡಿದಳು.

"ಯಾವುದು ಕಡಿಮೆ ಇದೆ ರೀ? ನನಗೆ ಎರಡೂ ಒಂದೇ ಥರ ಕಾಣುತ್ತೆ."

ನಾನು ಅದನ್ನು ಆಗಲೇ ಅಳೆದಿದ್ದೆ. ಎರಡು ಸಲ ಅಳೆದಿದ್ದೆ. "ಕುಮಟಾನೇ ಒಂದು ಕೂದಲು ಕೆಳಗಿದೆ" ಎಂದೆ.

"ಇರುತ್ತೆ" ಎಂದಳು. "ಅಲ್ಲಿ ನಾನೆದ್ದ ತಕ್ಷಣ ಯಾರೂ ನನ್ನ ಕಣ್ಣನ್ನ ದಿಟ್ಟಿಸಿ ನೋಡ್ತಿರಲಿಲ್ಲ."

ಈಗಲೂ ನಾನು ಐದೂವರೆಗೆ ಏಳುತ್ತೇನೆ. ಒಂದೇ ಚಾಪೆ ತೆಗೆದುಕೊಂಡು ಹೊರಗೆ ಬರುತ್ತೇನೆ. ಅವಳು ಗೋಡೆಯ ಕಡೆ ತಿರುಗಿ ಮಲಗಿರುತ್ತಾಳೆ, ಎಂಟರವರೆಗೆ ಅಲುಗುವುದಿಲ್ಲ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಒಮ್ಮೊಮ್ಮೆ ಆಡುವುದು ಬಾಗಿಲಿನಿಂದಲೇ ಕಾಣುತ್ತದೆ. ಏನೋ ನೋಡುತ್ತಿದ್ದಾಳೆ. ಏನೆಂದು, ಯಾರನ್ನೆಂದು ತಿಳಿಯಬೇಕೆಂದು ನನಗೆ ಇಂದಿಗೂ ಆಸೆಯಾಗುತ್ತದೆ. ಅದನ್ನು ಓದುವ ಯಂತ್ರ ಇನ್ನೂ ಬಂದಿಲ್ಲ. ಅದರ ಲೆಕ್ಕ ಹೇಗೆ ಹಾಕಬೇಕೆಂಬ ಒಂದು ಎಳೆ ನನ್ನ ತಲೆಯಲ್ಲಿದೆ. ಕಾಗದದ ಮೇಲೆ ಬರೆದಿಲ್ಲ.

ಕದವನ್ನು ಸದ್ದಾಗದಂತೆ ಎಳೆದುಕೊಳ್ಳುತ್ತೇನೆ.